ಬಾಸ್ ಅಂದರೇನೇ ಮೀನು

ರವಾನೆ ವಿಭಾಗದ ಗುಮಾಸ್ತನಿಗೆ ಮೀನಿನ ಬಗ್ಗೆ ಗೊತ್ತಿದ್ದದ್ದು ಒಂದೇ ವಿಷಯ, ಅದು ನೀರಿನಲ್ಲಿರುತ್ತದೆ ಎಂಬುದು. ಇಷ್ಟು ಬಂಡವಾಳ ಇಟ್ಟುಕೊಂಡು ಅವನು ಶನಿವಾರ ಸಂಜೆ ಸಾಹೇಬರ ಮುಂದೆ ನಿಂತು, "ನಾನೂ ಟೀವೀಲಿ ನೋಡ್ತೀನಿ ಸಾರ್, ಒಂದೂ ಬಿಡಲ್ಲ," ಎಂದುಬಿಟ್ಟ.

ತಪ್ಪು ಅವನೊಬ್ಬನದೇ ಅಲ್ಲ. ಸಾಹೇಬರಿಗೆ ಬಾಸ್ ಹಿಡಿಯುವ ಹುಚ್ಚು. ಬಾಸ್ ಎಂದರೆ ಸಿಹಿನೀರಿನ ಒಂದು ಮೀನು. ಎರಡು ವರ್ಷದ ಹಿಂದೆ ಕೆರೆಯಲ್ಲಿ ಅಂಥದೊಂದು ಅವರ ಗಾಳಕ್ಕೆ ಸಿಕ್ಕಿದ್ದೇ ಸಿಕ್ಕಿದ್ದು, ಅವತ್ತಿನಿಂದ ಅವರ ಬಾಯಲ್ಲಿ ಬೇರೆ ಮಾತಿಲ್ಲ. ಕೆರೆಗೆ ಹೋಗುವುದು ವಾರಕ್ಕೊಮ್ಮೆ, ಉಳಿದ ಆರು ದಿನ ಟೀವಿಯೇ ಗತಿ. "ಮುನ್ನೂರು ಚಾನೆಲ್ ಇದೆ ಕಣ್ರೀ, ನೋಡೋಕೆ ಲಾಯಕ್ಕಾದ ಒಂದು ಬಾಸ್ ಕಾರ್ಯಕ್ರಮ ಸಿಗಲ್ಲ," ಎಂದು ಅವರು ಕೊರಗುತ್ತಿದ್ದಾಗ ನಮ್ಮ ಗುಮಾಸ್ತ ಸಹಿಗೆ ಕಾಗದ ಹಿಡಿದು ಎದುರಿಗೇ ಇದ್ದ.

ಸಾಹೇಬರ ಮುಖ ಅರಳಿತು. "ಹೌದಾ! ಹಾಗಾದ್ರೆ ನಾಳೆ ಭಾನುವಾರ ಕೂತು ಒಂದು ಪಟ್ಟಿ ಮಾಡ್ರೀ. ಯಾವುದು ನೋಡಬಹುದು, ಯಾವುದು ದಂಡ, ಎಲ್ಲಾ. ಬಾಸ್ ಸ್ವಭಾವದ ಬಗ್ಗೆ ಅವರು ಹೇಳೋದನ್ನೂ ಬರ್ಕೊಳ್ಳಿ. ಸಂಜೆ ಐದರೊಳಗೆ ನನ್ನ ಫೋನಿಗೆ ಕಳಿಸಿ."

ಬೇರೆ ದಿನವಾಗಿದ್ದರೆ ಗುಮಾಸ್ತ ಹೇಗೋ ನುಣುಚಿಕೊಳ್ಳುತ್ತಿದ್ದ. ಆದರೆ ರವಾನೆ ವಿಭಾಗದ ಎರಡು ಮೇಜಿನಲ್ಲಿ ಒಂದನ್ನು ಸೋಮವಾರ ಊರಾಚೆಯ ಗೋಡೌನಿಗೆ ಸಾಗಿಸುವುದಿತ್ತು. ಮೇಜಿನ ಜೊತೆ ಒಬ್ಬ ಗುಮಾಸ್ತನೂ ಹೋಗಬೇಕು. ಒಂದು ಮೇಜು ಇವನದು, ಇನ್ನೊಂದು ಗುಂಡುಸೂಜಿಯದು. ಗುಂಡುಸೂಜಿ ಎಂಬುದು ಆಫೀಸಿನವರು ಇಟ್ಟ ಹೆಸರು; ಆಸಾಮಿ ತೆಳ್ಳಗಿದ್ದ, ಮಾತು ಚುಚ್ಚುತ್ತಿತ್ತು. ಇಬ್ಬರಲ್ಲಿ ಯಾರು ಹೋಗಬೇಕೆಂದು ಸಾಹೇಬರು ಇನ್ನೂ ಬಾಯಿ ಬಿಟ್ಟಿರಲಿಲ್ಲ.

"ಗೋಡೌನಿಗೆ ಮೂರು ಬಸ್ಸು ಬದಲಾಯಿಸ್ಬೇಕು," ಎಂದು ಹೆಂಡತಿ ರಾತ್ರಿಯೂಟ ಬಡಿಸುವಾಗಲೇ ಲೆಕ್ಕ ಹಾಕಿದ್ದಳು. "ಐದೂವರೆಗೆ ಮನೆ ಬಿಟ್ರೆ ಮಗಳನ್ನ ಶಾಲೆಗೆ ಬಿಡೋರು ಯಾರು? ನನಗೂ ಏಳಕ್ಕೆ ಆಸ್ಪತ್ರೆ ಡ್ಯೂಟಿ. ರೀ, ಆ ಮೀನೋ ಮೊಸಳೆಯೋ, ಏನು ಬೇಕಾದ್ರೂ ನೋಡಿ. ಗೋಡೌನು ಮಾತ್ರ ಬೇಡ."

ಹೀಗಾಗಿ ಭಾನುವಾರ ಬೆಳಿಗ್ಗೆ ಆರಕ್ಕೇ ಗುಮಾಸ್ತ ರಿಮೋಟು, ಪೆನ್ನು, ಮಗಳ ಹಳೆಯ ಲೆಕ್ಕದ ಪುಸ್ತಕ ಇಟ್ಟುಕೊಂಡು ಟೀವಿ ಮುಂದೆ ಕೂತ.

ಮೊದಲು ಸಿಕ್ಕಿದ ಕಾರ್ಯಕ್ರಮದಲ್ಲಿ ಇಬ್ಬರು ದಪ್ಪ ಗಂಡಸರು ದೋಣಿಯಲ್ಲಿ ಕೂತಿದ್ದರು. ಒಬ್ಬ, "ಬಂತಾ?" ಎಂದ. ಇನ್ನೊಬ್ಬ, "ಇಲ್ಲ," ಎಂದ. ಕಾಲು ಗಂಟೆಯ ನಂತರ ಎರಡನೆಯವನು, "ಬಂತಾ?" ಎಂದ. ಮೊದಲನೆಯವನು ಯೋಚಿಸಿ, "ಇಲ್ಲ," ಎಂದ. ಗುಮಾಸ್ತ ಪುಸ್ತಕದಲ್ಲಿ "ದಂಡ" ಎಂದು ಬರೆದ. ಎರಡನೆಯದರಲ್ಲಿ ಮೀನು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು: ಗಾಳ, ಟೋಪಿ, ಬೂಟು, ಹನ್ನೆರಡು ಜೇಬಿನ ಕೋಟು, ಈಗಲೇ ಕರೆ ಮಾಡಬೇಕಾದ ನಂಬರು. ಅದಕ್ಕೂ "ದಂಡ" ಬಿತ್ತು. ಮೂರನೆಯದರಲ್ಲಿ ಒಬ್ಬ ಪೈಲ್ವಾನ ಬೆವರು ಸುರಿಸಿ ಒಂದು ಮೀನನ್ನು ಎಳೆದುಕೊಂಡ, ತೂಗಿದ, ಮುತ್ತು ಕೊಟ್ಟ, ವಾಪಸ್ಸು ನೀರಿಗೇ ಬಿಟ್ಟ.

ಬಟ್ಟೆ ಮಡಚುತ್ತಿದ್ದ ಹೆಂಡತಿ ಬಾಯಿ ಮೇಲೆ ಕೈ ಇಟ್ಟಳು. "ಬಿಡೋದೇ ಆದ್ರೆ ಹಿಡಿದಿದ್ದು ಯಾಕಂತೆ?"

"ಅದೇ ಆಟ ಕಣೇ."

"ಆ ಮೀನಿಗೆ ಗೊತ್ತಾ ಅದು ಆಟ ಅಂತ?"

ಅಷ್ಟರಲ್ಲಿ ಬಾಗಿಲು ತಟ್ಟುವ ಸದ್ದಾಗಿ, ಉತ್ತರಕ್ಕೆ ಕಾಯದೆ ಪಕ್ಕದ ಮನೆಯ ಮೇಷ್ಟ್ರು ಒಳಗೆ ಬಂದರು. ಮೂವತ್ತೈದು ವರ್ಷ ಭಾಷೆ ಕಲಿಸಿ ನಿವೃತ್ತರಾದವರು. ತಿದ್ದಲು ಮಕ್ಕಳ ಕಾಪಿಪುಸ್ತಕ ಇಲ್ಲವಾದ ಮೇಲೆ ಅಂಗಡಿಯ ಬೋರ್ಡು, ಮದುವೆಯ ಕಾಗದ, ಔಷಧಿಯ ಚೀಟಿ ಏನು ಸಿಕ್ಕಿದರೂ ತಿದ್ದುತ್ತಿದ್ದರು. ಕನ್ನಡಕದ ಕಾಲು ಮುರಿದು ರಿಪೇರಿಗೆ ಕೊಟ್ಟಿದ್ದರಿಂದ ಅವತ್ತು ಎಲ್ಲವನ್ನೂ ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದರು.

"ಬೆಳಗಿನಿಂದ ಗೋಡೆಯಾಚೆ 'ಬಂತಾ, ಇಲ್ಲ, ಬಂತಾ, ಇಲ್ಲ' ಅಂತ ಕೇಳಿಸ್ತಿದೆ. ಯಾರನ್ನಯ್ಯಾ ಕಾಯ್ತಾ ಇದೀಯಾ?" ಎಂದು ಕೇಳಿ, ವಿಷಯ ತಿಳಿದುಕೊಂಡು, ಇದ್ದ ಒಂದೇ ಒಳ್ಳೆಯ ಕುರ್ಚಿಯಲ್ಲಿ ಕೂತರು. ಮಧ್ಯಾಹ್ನದ ತನಕ ಏಳಲಿಲ್ಲ.

ಹನ್ನೆರಡರ ಹೊತ್ತಿಗೆ ಇನ್ನೂರ ಹದಿನೇಳನೆಯ ಚಾನೆಲ್ಲಿನಲ್ಲಿ ಒಬ್ಬಳು ಅಜ್ಜಿ ಸಿಕ್ಕಿದಳು. ಬೂಟಿಲ್ಲ, ಕೋಟಿಲ್ಲ. ಒಂದು ತಗಡಿನ ಡಬ್ಬ ಇಟ್ಟುಕೊಂಡು ದಡದಲ್ಲಿ ಕೂತು, ಬಾಸ್ ಎಲ್ಲಿ ಅಡಗುತ್ತದೆ, ಯಾಕೆ ಅಡಗುತ್ತದೆ, ಯಾವಾಗ ಹೊರಗೆ ಬರುತ್ತದೆ ಎಂದು ಬಾಣಂತಿಗೆ ಬುದ್ಧಿ ಹೇಳುವಷ್ಟು ನಿಧಾನವಾಗಿ ಹೇಳುತ್ತಿದ್ದಳು. ಗುಮಾಸ್ತ ಬರೆಯುವುದನ್ನೇ ಮರೆತು ನೋಡಿದ. ಬಟ್ಟೆ ಮಡಚುವುದನ್ನು ಬಿಟ್ಟು ಹೆಂಡತಿಯೂ ನೋಡಿದಳು. ಗಾಳ ಅಲ್ಲಾಡಿದಾಗ ಮೇಷ್ಟ್ರು ಕುರ್ಚಿಯಿಂದ ಅರ್ಧ ಎದ್ದು, "ಎಳಿಯಮ್ಮಾ, ಎಳಿ!" ಎಂದು ಕೂಗಿದರು. ಅದಕ್ಕೆ ಪುಸ್ತಕದಲ್ಲಿ "ಖಂಡಿತ ನೋಡಬೇಕು" ಎಂದು ಬಿತ್ತು, ಕೆಳಗೆ ಎರಡು ಗೆರೆ.

ಊಟವಾದ ಮೇಲೆ ಗುಮಾಸ್ತ ಟಿಪ್ಪಣಿಯನ್ನು ಫೋನಿನಲ್ಲಿ ಒತ್ತಿದ. ಮೇಷ್ಟ್ರ ಕೈ ಸುಮ್ಮನಿರಲಿಲ್ಲ. "ಕೊಡು ಇಲ್ಲಿ, ಒಂದ್ಸಲ ನೋಡ್ತೀನಿ."

ಫೋನನ್ನು ಮೂಗಿಗೆ ತಾಗಿಸಿಕೊಂಡು ಓದಿದ ಮೇಷ್ಟ್ರು ಹಲ್ಲುನೋವು ಬಂದವರ ಹಾಗೆ ಮುಖ ಮಾಡಿದರು. "ಏನಯ್ಯಾ ಇದು, 'ಬಾಸ್ ಮೀನು', 'ಬಾಸ್ ಮೀನು' ಅಂತ ಹದಿನಾಲ್ಕು ಕಡೆ ಬರೆದಿದೀಯಾ! ಬಾಸ್ ಅಂದರೇನೇ ಮೀನು. ಆಮೇಲೆ ಮತ್ತೆ ಮೀನು ಯಾಕೆ? ಗೇಟು ಬಾಗಿಲು ಅಂದ ಹಾಗಾಯ್ತು. ಪುನರುಕ್ತಿ ದೋಷ."

"ಇರಲಿ ಬಿಡಿ ಮೇಷ್ಟ್ರೇ, ಸಾಹೇಬ್ರಿಗೆ ಅರ್ಥ ಆಗುತ್ತೆ."

"ಅರ್ಥ ಆಗೋದು ಬೇರೆ, ಶುದ್ಧವಾಗಿರೋದು ಬೇರೆ," ಎಂದು ಅವರು ಒಂದೊಂದೇ ಮೀನನ್ನು ಹುಡುಕಿ ಅಳಿಸಿದರು. ಹದಿನಾಲ್ಕೂ ಹೋದವು. "ಇನ್ನೊಂದು. ಇಷ್ಟುದ್ದ ಒಂದೇ ಸಲ ಕಳಿಸಿದ್ರೆ ಯಾರು ಓದ್ತಾರೆ? ಮೊದಲು ಸ್ವಭಾವ ಹೋಗಲಿ, ಕಾರ್ಯಕ್ರಮಗಳ ಪಟ್ಟಿ ಆಮೇಲೆ. ಸಾಹೇಬ್ರ ಹೆಸರು ಫೋನಲ್ಲಿ ಏನಂತ ಹಾಕಿದೀಯಾ?"

"ಆಫೀಸು ಸಾಹೇಬರು ಅಂತ." ಗುಮಾಸ್ತ ಟೀವಿಯ ಕಡೆಗೇ ತಿರುಗಿ ಹೇಳಿದ. ಇನ್ನೂ ಒಂದು ಕಾರ್ಯಕ್ರಮ ಶುರುವಾಗುವುದರಲ್ಲಿತ್ತು.

ಮೇಷ್ಟ್ರು ಹುಡುಕಿ, ಒತ್ತಿ, "ಹೋಯ್ತು," ಎಂದರು. ಫೋನಿನಲ್ಲಿ ಚಾರ್ಜು ಮುಗಿಯುತ್ತಾ ಬಂದಿತ್ತು. ಹೆಂಡತಿ ಅದನ್ನು ಒಳಕೋಣೆಯಲ್ಲಿ ಸಿಕ್ಕಿಸಿ ಬಂದಳು.

ನಾಲ್ಕೂವರೆಗೆ ಪಟ್ಟಿ ಕಳಿಸಲೆಂದು ಗುಮಾಸ್ತ ಫೋನು ತೆಗೆದಾಗ ಅದರಲ್ಲಿ ನಲವತ್ತಮೂರು ಸಂದೇಶಗಳಿದ್ದವು. ಅವನ ಹುಟ್ಟುಹಬ್ಬಕ್ಕೂ ಅಷ್ಟು ಬಂದಿರಲಿಲ್ಲ. ಮೇಷ್ಟ್ರು ಟಿಪ್ಪಣಿ ಕಳಿಸಿದ್ದು "ಆಫೀಸು ಸಾಹೇಬರು" ಎಂಬ ನಂಬರಿಗಲ್ಲ. ಅದರ ಮೇಲೇ ಇದ್ದ "ಆಫೀಸು" ಎಂಬ ಗುಂಪಿಗೆ, ಅಂದರೆ ಇಡೀ ಆಫೀಸಿಗೆ. ಎದುರಿಗೆ ಸಾರ್ ಎಂದು ಕರೆದರೂ ಬೆನ್ನ ಹಿಂದೆ ಆ ಆಫೀಸಿನವರೆಲ್ಲ ಸಾಹೇಬರನ್ನು ಕರೆಯುತ್ತಿದ್ದದ್ದು ಬಾಸ್ ಎಂದೇ.

ಗುಮಾಸ್ತ ತನ್ನ ಟಿಪ್ಪಣಿಯನ್ನು ಆಫೀಸಿನವರ ಕಣ್ಣಿನಿಂದ ಓದಿದ. "ನಮ್ಮ ಬಾಸ್ ಸ್ವಭಾವ. ಬಾಯಿ ದೊಡ್ಡದು, ಬುದ್ಧಿ ಸಣ್ಣದು. ಹೊಟ್ಟೆ ತುಂಬಿದ್ದರೂ ಬಾಯಿ ಹಾಕುತ್ತದೆ. ಬಿಸಿಲೇರಿದರೆ ನೆರಳು ನೋಡಿ ಬಿದ್ದುಕೊಳ್ಳುತ್ತದೆ. ತನ್ನ ಜಾಗಕ್ಕೆ ಯಾರಾದರೂ ಬಂದರೆ ಸುಮ್ಮಸುಮ್ಮನೆ ಮೈಮೇಲೆ ಬರುತ್ತದೆ."

ಆಫೀಸಿನವರಿಗೆ ಹಬ್ಬವಾಗಿತ್ತು. "ಬಾಸನ್ನ 'ಅದು' ಅಂತ ಬರೆದಿದ್ದಾನಲ್ಲ, ಎಂಥಾ ಗುಂಡಿಗೆ!" ಎಂದು ಬರೆಯುವಷ್ಟು ದಡ್ಡರು ಯಾರೂ ಇರಲಿಲ್ಲ, ಅದೇ ಧಾಟಿ ಹಿಡಿದು ಮುಂದುವರಿಸಿದ್ದರು. ಟೈಪಿಸ್ಟ್ ಮೇಡಂ ಬರೆದಿದ್ದರು, "ಇದಕ್ಕೆ ಕಿವಿಯೇ ಇಲ್ಲ ಅನ್ಸುತ್ತೆ. ಎಷ್ಟು ಕೂಗಿದ್ರೂ ಕೇಳಲ್ಲ." ಸ್ಟೋರಿನವನು ಬರೆದಿದ್ದ, "ಹೆಣ್ಣು ಬಾಸ್ ಇದಕ್ಕಿಂತ ಜೋರು. ಅದು ಬಂದ್ರೆ ಇದು ಬಾಲ ಮುದುರಿಕೊಂಡು ಮೂಲೆ ಸೇರುತ್ತೆ." ಗುಂಡುಸೂಜಿಯಂತೂ ಒಂಬತ್ತು ವರ್ಷದ್ದನ್ನೆಲ್ಲ ಕಕ್ಕಿದ್ದ. "ಒಂಬತ್ತು ವರ್ಷ ಏಗಿದೀನಿ ಸ್ವಾಮಿ ಈ ಬಾಸ್ ಜೊತೆ. ನೋಡೋಕೆ ಭಾರೀ ಗಾತ್ರ, ಒಳಗೆ ಗಾಳಿ. ಮಧ್ಯಾಹ್ನ ಕಣ್ಣು ಬಿಟ್ಕೊಂಡೇ ನಿದ್ದೆ ಮಾಡುತ್ತೆ. ಆಗ ಏನು ಮುಂದೆ ಹಿಡಿದ್ರೂ ಸರಿ, ನುಂಗುತ್ತೆ. ಜಗ್ಗಾಡೋಕೆ ಹೋಗಬೇಡಿ. ದಾರ ಸಡಿಲ ಬಿಡಿ, ತಾನೇ ಗೆದ್ದೆ ಅಂದ್ಕೊಳ್ಳಲಿ, ಆಮೇಲೆ ಮೆಲ್ಲಗೆ ಎಳ್ಕೊಳ್ಳಿ."

ಗುಮಾಸ್ತ ಗುಂಪಿನ ಸದಸ್ಯರ ಪಟ್ಟಿ ತೆರೆದು ಕೆಳಗೆ ಸರಿಸಿದ. ಕಟ್ಟಕಡೆಗೆ ಸಾಹೇಬರ ಹೆಸರಿತ್ತು. ಗುಂಪು ಕಟ್ಟಿದ ದಿನ ಯಾರೋ ಮರ್ಯಾದೆಗೆ ಸೇರಿಸಿದ್ದರು. ಅವರು ಒಂದು ಮಾತೂ ಆಡದೆ ಇದ್ದದ್ದರಿಂದ ಎಲ್ಲರೂ ಮರೆತಿದ್ದರು.

"ಅಳಿಸಿಬಿಡಿ!" ಎಂದಳು ಹೆಂಡತಿ.

"ನನ್ನದೊಂದು ಅಳಿಸಿದ್ರೆ ಮಿಕ್ಕ ನಲವತ್ತಮೂರು?"

"ಹಾಗಾದ್ರೆ ಈಗಲೇ ಹೋಗಿ. ಅವರು ಓದೋಕೆ ಮುಂಚೆ ಹೇಗಾದ್ರೂ ಮಾಡಿ ಆ ಫೋನನ್ನ ನೀರಿಗೆ ಹಾಕಿ ಬನ್ನಿ."

"ಕಾಗುಣಿತ ಏನಾದ್ರೂ ತಪ್ಪಿತ್ತಾ?" ಎಂದರು ಮೇಷ್ಟ್ರು. ಗುಮಾಸ್ತ ಚಪ್ಪಲಿ ಮೆಟ್ಟಿಕೊಂಡು ಓಡಿದ.

ಸಾಹೇಬರ ಮನೆಯ ಬಾಗಿಲು ತೆರೆದೇ ಇತ್ತು. ಗೋಡೆಯ ಉದ್ದಕ್ಕೂ ಗಾಳದ ಕೋಲುಗಳು. ಸಾಹೇಬರು ಚಡ್ಡಿಯಲ್ಲಿ ಕೂತು ಫೋನು ನೋಡುತ್ತಿದ್ದರು, ಮುಖ ಕೆಂಪಗಾಗಿತ್ತು.

"ಬನ್ನಿ. ನೀವು ಕಳಿಸಿದೀರಾ ಅಂತ ಫೋನು ತೆಗೆದೆ. ಓದಿದೆ. ಎಲ್ಲರದ್ದೂ ಓದಿದೆ."

"ಸಾರ್, ಅದು ಮೇಷ್ಟ್ರು…"

"ಹನ್ನೊಂದು ವರ್ಷ ಆಯ್ತು ನಾನು ಈ ಆಫೀಸಿಗೆ ಬಂದು. ನನ್ನ ಬೆನ್ನ ಹಿಂದೆ ಇಷ್ಟೆಲ್ಲಾ ನಡೀತಿದೆ, ಒಬ್ಬರೂ ಬಾಯಿ ಬಿಟ್ಟಿಲ್ಲ!" ಸಾಹೇಬರು ಎದ್ದು ಬಂದು ಗುಮಾಸ್ತನ ಎರಡೂ ಭುಜ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು. "ಇಡೀ ಆಫೀಸು ಬಾಸ್ ಹಿಡಿಯುತ್ತಲ್ರೀ! ನಾನೊಬ್ಬನೇ ಹುಚ್ಚ ಅಂದ್ಕೊಂಡಿದ್ದೆ."

ಗುಮಾಸ್ತನಿಗೆ ಒಂದು ಕ್ಷಣ ಏನೂ ಹೊಳೆಯಲಿಲ್ಲ. ಹೊಳೆದಾಗ ಹೇಳಿಸಿಕೊಳ್ಳದೆ ಕುರ್ಚಿಯಲ್ಲಿ ಕೂತುಬಿಟ್ಟ.

"ಕಣ್ಣು ಬಿಟ್ಕೊಂಡೇ ನಿದ್ದೆ! ಎಷ್ಟು ಸರಿ! ಅದಕ್ಕೆ ರೆಪ್ಪೆ ಎಲ್ಲಿದೆ? ಒಳಗೆ ಗಾಳಿ ಅಂದಿದಾನೆ, ಗಾಳಿಚೀಲದ ವಿಷಯ ಗೊತ್ತು ಅವನಿಗೆ! ಹೆಣ್ಣು ಬಾಸೇ ಜೋರು ಅಂತ ಎಷ್ಟು ಜನಕ್ಕೆ ಗೊತ್ತಿರುತ್ತೆ ಹೇಳಿ."

"ರೀ!" ಎಂದು ಒಳಗಿನಿಂದ ಗಟ್ಟಿ ದನಿ ಬಂತು. "ಫ್ರಿಜ್ಜಿನಿಂದ ಆ ಹುಳದ ಡಬ್ಬ ತೆಗೀತೀರೋ, ಆಚೆಗೆ ಎಸೀಲೋ?"

"ಬಂದೆ, ಬಂದೆ," ಎಂದು ಸಾಹೇಬರು ಓಡಿದರು. ಡಬ್ಬವನ್ನು ಎದೆಗವಚಿಕೊಂಡು ವಾಪಸ್ಸು ಬಂದು, ದನಿ ತಗ್ಗಿಸಿ ಕೂತರು. "ನೋಡಿ, ಆ ಗೋಡೌನಿನ ವಿಷಯ ವಾರದಿಂದ ತಲೆ ತಿಂತಾ ಇತ್ತು. ಇವತ್ತು ನಿಮ್ಮಿಂದ ತೀರ್ಮಾನ ಆಯ್ತು."

ಗುಮಾಸ್ತನ ಎದೆ ಉಬ್ಬಿತು. ಸೋಮವಾರ ಬೆಳಿಗ್ಗೆ ಮಗಳ ಕೈ ಹಿಡಿದು ಶಾಲೆಯ ರಸ್ತೆಯಲ್ಲಿ ಆರಾಮವಾಗಿ ನಡೆಯುತ್ತಿರುವ ಹಾಗೆ ಕಣ್ಣಿಗೆ ಕಟ್ಟಿತು.

"ನೀವು ಪಾಪ, ಟೀವಿ ನೋಡಿ ಬರೆದಿದ್ದು. ಪ್ರಾಮಾಣಿಕರು, ನಾನು ಇಲ್ಲ ಅನ್ನಲ್ಲ. ಆದ್ರೆ ಅವನು? ಒಂಬತ್ತು ವರ್ಷದ ಅನುಭವ ಕಣ್ರೀ! 'ದಾರ ಸಡಿಲ ಬಿಡಿ, ತಾನೇ ಗೆದ್ದೆ ಅಂದ್ಕೊಳ್ಳಲಿ'. ಈ ಮಾತು ದಡದಲ್ಲಿ ಕೂತು ಸವೆದವನ ಬಾಯಲ್ಲಿ ಮಾತ್ರ ಬರುತ್ತೆ. ಅಂಥವನನ್ನ ಊರಾಚೆ ಕಳಿಸೋಕಾಗುತ್ತಾ? ದಿನಾ ನಾಲ್ಕು ಮಾತಿಗೆ ನನಗೆ ಹತ್ತಿರ ಬೇಕು. ಭಾನುವಾರ ಕೆರೆಗೂ ಕರ್ಕೊಂಡು ಹೋಗ್ತೀನಿ. ನಾಳೆಯಿಂದ ಗೋಡೌನು ನೀವು ನೋಡ್ಕೊಳ್ಳಿ."

ಗುಮಾಸ್ತ ಬಾಯಿ ತೆರೆದ. ಸಾರ್, ಅವನು ಬರೆದಿದ್ದು ಮೀನಿನ ಬಗ್ಗೆ ಅಲ್ಲ ಎನ್ನಬೇಕು. ಹಾಗಾದರೆ ಯಾರ ಬಗ್ಗೆ ಎಂದು ಸಾಹೇಬರು ಕೇಳುತ್ತಾರೆ. ಹೇಳಿದರೆ ಮೊದಲಿಂದ ಇನ್ನೊಮ್ಮೆ ಓದುತ್ತಾರೆ, ಮೊದಲಲ್ಲಿ ಇರುವುದು ತನ್ನದೇ ದೊಡ್ಡ ಬಾಯಿ, ಸಣ್ಣ ಬುದ್ಧಿ. ಅವನು ಬಾಯಿ ಮುಚ್ಚಿದ. ಮತ್ತೆ ತೆರೆದ, ಮತ್ತೆ ಮುಚ್ಚಿದ.

"ಬೇಜಾರು ಮಾಡ್ಕೋಬೇಡಿ," ಎಂದರು ಸಾಹೇಬರು. "ಗೋಡೌನಿನ ಕಾವಲುಗಾರನ ಹತ್ರ ಒಂದು ಟೀವಿ ಇದೆ. ಪಟ್ಟಿ ಮಾತ್ರ ನಿಲ್ಲಿಸಬೇಡಿ, ವಾರ ವಾರ ಕಳಿಸ್ತಾ ಇರಿ."

ಗುಮಾಸ್ತ ರಸ್ತೆಗೆ ಬಂದು ನೂರು ಹೆಜ್ಜೆ ನಡೆದಿರಲಿಲ್ಲ, ಫೋನು ಬಡಿದುಕೊಂಡಿತು. ಗುಂಡುಸೂಜಿ.

"ಏನಯ್ಯಾ ಇದು? ಈಗ ತಾನೇ ಸಾಹೇಬ್ರು ಫೋನ್ ಮಾಡಿದ್ರು. ಗೋಡೌನು ನನಗಿಲ್ವಂತೆ. ಹೊಗಳಿದ್ದೇ ಹೊಗಳಿದ್ದು. ನನಗೆ ಭಯ ಆಗ್ತಿದೆ ಕಣೋ. ಮುಂದಿನ ಭಾನುವಾರ ಬೆಳಿಗ್ಗೆ ಕೆರೆ ಹತ್ರ ಒಬ್ಬನೇ ಬಾ, ಒಂದು ಡಬ್ಬ ಹುಳ ತಗೊಂಡು ಬಾ ಅಂದ್ರು. ಹುಳ ಯಾರಿಗೆ?"

"ಬಾಸಿಗೆ," ಎಂದ ಗುಮಾಸ್ತ.

ಗುಂಡುಸೂಜಿ ಪಿಸುಗುಟ್ಟಿದ, "ತಿಂತಾರಾ?"

ಗುಮಾಸ್ತ ಫೋನು ಜೇಬಿಗಿಟ್ಟು, ಗೋಡೌನಿನ ಕಡೆಗೆ ಮೊದಲ ಬಸ್ಸು ಎಷ್ಟು ಹೊತ್ತಿಗೆಂದು ಕೇಳಿಕೊಳ್ಳಲು ನಿಲ್ದಾಣದತ್ತ ನಡೆದ.