ತಾನೇ ಗೇರು ಹಾಕುವ ಲಾರಿ

ಲಾರಿ ಇಟ್ಟವರ ಮನೆಯಲ್ಲಿ ಲಾರಿ ಕೆಡುವುದಕ್ಕಿಂತ ಹೆಚ್ಚು ಸಲ ಮನುಷ್ಯರ ತಲೆ ಕೆಡುತ್ತದೆ. ಧಾರವಾಡದಲ್ಲಿ ಬಿ.ಎ. ಮುಗಿಸಿ ಯಲ್ಲಾಪುರದ ನಾಟಾ ಮರದ ವ್ಯಾಪಾರಿಗಳ ಮನೆಗೆ ಸೊಸೆಯಾಗಿ ಬಂದ ಮೇಲೆ ಇಂಥವನ್ನು ಬೇಕಾದಷ್ಟು ಕಂಡೆ. ಆದರೆ ೧೯೬೦ರ ಆಸುಪಾಸಿನ ಒಂದು ಚಳಿಗಾಲದಷ್ಟು ಮೈ ಜುಮ್ಮೆನಿಸಿ ನಗಿಸಿದ್ದು ಬೇರೆ ಇಲ್ಲ.

ಇಲ್ಲದ ಕ್ಲಚ್ಚು

ನಮ್ಮ ಯಜಮಾನರು ಮಿಲಿಟರಿ ಹರಾಜಿನಲ್ಲಿ ಒಂದು ಲಾರಿ ಹಿಡಿದು ತಂದರು. ಡ್ರೈವರ್ ಹಾನಗಲ್ ಕಡೆಯವನು, ಪಳಗಿದ ಕೈ. ಹತ್ತಿ ಕೂತವನು ಎಡಗಾಲಿನಿಂದ ಕೆಳಗೆ ತಡಕಾಡತೊಡಗಿದ, ಮಂಚದ ಕೆಳಗೆ ಚಪ್ಪಲಿ ಹುಡುಕುವವರ ಹಾಗೆ.

"ಸಾವ್ಕಾರ್ರ, ಇದಕ್ಕ ಕ್ಲಚ್ಚ ಇಲ್ರಿ!"

"ಬೇಕಾಗಿಲ್ಲೋ. ಗೇರು ತಾನ ಬದಲಾಗತೈತಿ."

"ತಾನ ಅಂದ್ರ... ಯಾರ ಬದಲಿ ಮಾಡ್ತಾರ್ರಿ?"

ಇವರು ಎಣ್ಣೆಯ ಒತ್ತಡ ಎಂದು ಏನೇನೋ ವಿವರಿಸಿದರು. ಡ್ರೈವರ್ ಪೂರ್ತಿ ಕೇಳಿ, ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದ: "ಅಕ್ಕಾರ, ಮಿಲಿಟ್ರಿ ಗಾಡಿ ಇದು. ಯಾವನೋ ಸಿಪಾಯಿ ಸತ್ತ ಮ್ಯಾಲೂ ಡ್ಯೂಟಿ ಬಿಟ್ಟಿಲ್ಲ."

ನಿಟ್ಟುಸಿರು

ಘಟ್ಟದ ಕೆಳಗಿನ ಕಾಡಿನಿಂದ ದಿಮ್ಮಿ ಹೇರಿಕೊಂಡು ಯಲ್ಲಾಪುರದ ಡಿಪೋಕ್ಕೆ ಹತ್ತಬೇಕು. ಬೆಳಗಿನ ಮಂಜಿನಲ್ಲಿ ಮುಂದೆ ಏನೂ ಕಾಣದು. ಗೇರು ಬದಲಾಗುವ ಹೊತ್ತಿಗೆ ಎಂಜಿನ್ ಹುಯ್ಯೆಂದು ಕೂಗುತ್ತಿತ್ತು, ಲಾರಿ ಮಾತ್ರ ತೇಲಿದ ಹಾಗೆ ಒಂದು ಕ್ಷಣ ತಡವರಿಸುತ್ತಿತ್ತು. ಪಕ್ಕದಲ್ಲೇ ಯಾರೋ ಕೂತು ಉದ್ದಕ್ಕೆ ಉಸಿರು ಬಿಟ್ಟ ಹಾಗೆ. ಆಮೇಲೆ ಗೇರು ಹಿಡಿಯುವುದು.

ಡ್ರೈವರನ ಪಕ್ಕದ ಸೀಟನ್ನು ಸಿಪಾಯಿಗೆಂದು ಬಿಟ್ಟುಕೊಟ್ಟು ಹಮಾಲರು ಹಿಂದೆ ದಿಮ್ಮಿಗಳ ಮೇಲೆ ಚಳಿಯಲ್ಲಿ ನಡುಗುತ್ತ ಕೂತರು. ಖಾಲಿ ಸೀಟಿನ ಮೇಲೆ ದಿನಾ ಒಂದು ಕಟ್ಟು ಬೀಡಿ, ಒಂದು ಕಡ್ಡಿಪೆಟ್ಟಿಗೆ ಇಡುವ ಪದ್ಧತಿಯಾಯಿತು. ಸಂಜೆಗೆ ಕಟ್ಟು ಬರಿದು. ನಮ್ಮ ಯಜಮಾನರಿಗೆ ಸಂಶಯ ಬಂದು ಒಂದು ದಿನ ಬೀಡಿ ಇಟ್ಟು ಕಡ್ಡಿಪೆಟ್ಟಿಗೆ ಇಡಲಿಲ್ಲ.

ಮಧ್ಯಾಹ್ನ ಡ್ರೈವರ್ ಬಂದು ತಲೆ ಕೆರೆದುಕೊಂಡ: "ಸಾವ್ಕಾರ್ರ, ಸಿಪಾಯಿ ಕಡ್ಡಿಪೆಟ್ಟಿಗಿ ಕೇಳಾಕತ್ತಾನ್ರಿ."

ಹಿಂದೆ ಬಂದದ್ದು

ಘಟ್ಟ ಕಾಯುವ ದೇವತೆ ಚೌಡಿಯ ಕಟ್ಟೆಯ ಹತ್ತಿರ ಇಳಿದು ಕೈಮುಗಿಯದೆ ಯಾವ ಡ್ರೈವರೂ ಮುಂದೆ ಹೋಗುವುದಿಲ್ಲ. ಇವನೂ ಇಳಿದ. ಆರಿಸಿದರೆ ಮತ್ತೆ ಹತ್ತದೆಂದು ಎಂಜಿನ್ ಚಾಲೂ ಬಿಟ್ಟಿದ್ದ. ಗಾಡಿ ಗೇರಿನಲ್ಲೇ ಇತ್ತು, ಬ್ರೇಕು ಬಿಟ್ಟರೆ ತಾನೇ ತೆವಳುವ ಜಾತಿ.

ಊದಿನಕಡ್ಡಿ ಹಿಡಿದು ಮಂಜಿನಲ್ಲಿ ನಡೆದರೆ ಹಿಂದೆ ಜಲ್ಲಿಯ ಮೇಲೆ ಚಕ್ರ ಉರುಳುವ ಸದ್ದು. ತಿರುಗಿ ನೋಡಿದ. ಒಳಗೆ ಯಾರೂ ಇಲ್ಲದ ಲಾರಿ ಮೆಲ್ಲಗೆ ಅವನ ಬೆನ್ನ ಹಿಂದೆಯೇ ನಡೆದು ಬರುತ್ತಿದೆ! ಇವನು ಬೇಗ ನಡೆದ, ಅದೂ ಬಂತು. ಕಡೆಗೆ ಕಟ್ಟೆಯ ಕಲ್ಲಿಗೆ ಚಕ್ರ ತಾಗಿ ನಿಂತಿತು. ದಿಮ್ಮಿಯ ಮೇಲಿಂದ ಹಮಾಲನೊಬ್ಬ ಸಮಾಧಾನ ಹೇಳಿದನಂತೆ: "ಅಂಜಬ್ಯಾಡೋ, ಅವನೂ ಕೈಮುಗಿಯಾಕ ಬಂದಾನ."

ಡ್ರೈವರ್ ಅಂದೇ "ನಾ ಒಲ್ಲೆರಿ" ಎಂದುಬಿಟ್ಟ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಎಲ್ಲಿ ಕೇಳಿದರೂ ಆ ಗಾಡಿ ಮುಟ್ಟುವವರಿಲ್ಲ. ಶಿವರಾತ್ರಿಯೊಳಗೆ ದಿಮ್ಮಿ ಡಿಪೋ ಸೇರದಿದ್ದರೆ ಅರಣ್ಯ ಇಲಾಖೆಯ ಗುತ್ತಿಗೆ ಕೈತಪ್ಪುತ್ತದೆ, ಅದರ ಹಿಂದೆ ವ್ಯಾಪಾರವೂ. ಇವರಿಗೆ ಊಟ ಸೇರದಾಯಿತು.

ಒದೆ

ಯುದ್ಧದ ಕಾಲದಲ್ಲಿ ಇಂಥ ಗಾಡಿ ಬಿಚ್ಚಿ ಜೋಡಿಸಿದ್ದ ಮಿಸ್ತ್ರಿಯೊಬ್ಬನನ್ನು ಶಿರಸಿಯಿಂದ ಕರೆಸಿದರು.

"ಒಂದ ಗೇರ ಬಿಟ್ಟು ಇನ್ನೊಂದ ಹಿಡಿಯೂದ್ರಾಗ ಜಾರಾಕತ್ತೈತ್ರಿ. ಒಳಗಿನ ಪಟ್ಟಿ ಬಿಗಿ ಮಾಡಿ, ಗಟ್ಟಿ ಸ್ಪ್ರಿಂಗ್ ಹಾಕ್ತೀನಿ. ಎಣ್ಣಿ ಜೋರಲೆ ಒತ್ತತೈತಿ, ಗೇರ ಗಪ್ಪನ ಹಿಡೀತೈತಿ."

ಹಾಗೆಯೇ ಮಾಡಿದ. ಎಡವಿದ್ದು ನಾವು. ಅದೇ ದಿನ ನಮ್ಮ ಅತ್ತೆಯವರು ಅಯ್ಯನವರನ್ನು ಕರೆಸಿ, ಲಾರಿಗೆ ವಿಭೂತಿ ಬಳಿಸಿ, ಕುಂಬಳಕಾಯಿ ಒಡೆಸಿ, ಸಿಪಾಯಿಗೆ ಇಳಿದು ಹೋಗೆಂದು ಹೇಳಿಸಿದರು.

ಮರುದಿನ ಅದೇ ಡ್ರೈವರನ್ನು ಪುಸಲಾಯಿಸಿ ಹತ್ತಿಸಿದೆವು. ನಿಟ್ಟುಸಿರು ಮಾಯ. ಅದರ ಬದಲು ಗೇರು ಬಿದ್ದಾಗಲೆಲ್ಲ ಸೀಟಿನ ಕೆಳಗಿಂದ ಧಡ್!

"ನೋಡ್ರಿ, ಹೆಂಗ ಹಿಡೀತು!" ಎಂದು ಮಿಸ್ತ್ರಿ ಹಿಗ್ಗಿದ.

ಡ್ರೈವರ್ ಬಿಳುಚಿಕೊಂಡು ಕೆಳಗಿಳಿದ: "ಮೊದಲ ಬರೇ ಉಸರ ಬಿಡ್ತಿದ್ದ. ಇಳಿ ಅಂದದ್ದಕ್ಕ ಈಗ ಒದೀತಾನ್ರಿ!"

ಅತ್ತೆಯವರ ಸವಾರಿ

ಕೊನೆಗೆ ಅತ್ತೆಯವರೇ ಎದ್ದರು. "ಆ ಸೀಟಿನ್ಯಾಗ ನಾ ಕೂಡ್ತೀನಿ. ಹೊಡಿಯೋ ಗಾಡಿ!"

ಬಿಳಿ ಸೀರೆ, ತಲೆ ತುಂಬ ಸೆರಗು, ಮಡಿಲಲ್ಲಿ ಎಲೆಯಡಿಕೆ ಚೀಲ. ನಾನು ಅವರ ಮತ್ತು ಡ್ರೈವರನ ನಡುವೆ ಮುದುಡಿಕೊಂಡೆ. ಅತ್ತೆಯವರು ಕೂತವರೇ ಹುಬ್ಬು ಗಂಟಿಕ್ಕಿದರು.

"ಯಾರ ಕೂತಿದ್ರೋ ಇಲ್ಲಿ? ಬೆಚ್ಚಗೈತಿ."

ಯಾರೂ ಕೂತಿರಲಿಲ್ಲ. ಡ್ರೈವರೂ ನಾನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ದಿಮ್ಮಿ ಹೇರಿಕೊಂಡು ಘಟ್ಟ ಹತ್ತುವಾಗ ಧಡ್ ಎಂದಾಗಲೆಲ್ಲ ಅತ್ತೆಯವರು ಎದುರಿನ ತಗಡಿಗೆ ಅಂಗೈಯಿಂದ ಬಡಿದು "ಸುಮ್ಮ ಕೂಡೋ, ಮೂಳಾ!" ಎನ್ನುವರು. ಲಾರಿ ಒಮ್ಮೆಯೂ ಜಾರದೆ ಏರಿತು.

ಹೇಳಲು ಮರೆತೆ. ಪರದೇಶದ ಗಾಡಿ, ಸ್ಟೇರಿಂಗು ಎಡಗಡೆ. ನಮ್ಮ ಲಾರಿಗಳಲ್ಲಿ ಡ್ರೈವರ್ ಕೂರುವ ಜಾಗದಲ್ಲಿ ಅತ್ತೆಯವರು ಕೂತಿದ್ದರು. ಮಂಜಿನೊಳಗಿಂದ ಎದುರು ಬಂದ ಲಾರಿ ಗಕ್ಕನೆ ಬದಿಗೆ ನಿಂತಿತು. ಅದರ ಹಿಂದಿನದೂ ನಿಂತಿತು. ಡ್ರೈವರುಗಳು ಕಣ್ಣು ಮುಚ್ಚಿ ಕೈ ಮುಗಿದಿದ್ದರು.

ಮರುದಿನ ಘಟ್ಟದ ದಾರಿಯ ಇಡಗುಂದಿಯ ಚಹಾದಂಗಡಿಯಲ್ಲಿ ಅದೇ ಸುದ್ದಿ: "ಬಿಳಿ ಸೀರಿ ಮುದುಕಿ ಲಾರಿ ಹೊಡೀತಾಳ. ಸ್ಟೇರಿಂಗ್ ಇಲ್ಲ, ಎರಡೂ ಕೈಲೆ ಎಲಿ ಮಡಚತಿರ್ತಾಳ!"

ನಮ್ಮ ಡ್ರೈವರ್ ಚಹಾ ಕುಡಿದು, ತುಟಿಪಿಟಕ್ಕೆನ್ನದೆ ಬಂದು ಇವರಿಗೆ ಹೇಳಿದ: "ಘಟ್ಟದಾಗ ಎಲ್ಲಾರೂ ದಾರಿ ಬಿಡಾಕತ್ತಾರ್ರಿ. ಅವ್ವಾರು ಬರೂದಾದ್ರ ನಾನ ಈ ಗಾಡಿ ಹೊಡೀತೀನ್ರಿ."

ಹೀಗೆ ಅತ್ತೆಯವರು ದಿನಾ ಹೋದರು, ದಿಮ್ಮಿಗಳು ಶಿವರಾತ್ರಿಯೊಳಗೆ ಡಿಪೋ ಸೇರಿದವು. ಗುತ್ತಿಗೆ ಉಳಿಯಿತು. ಆ ಸಂಜೆ ನಾನು ಸುದ್ದಿ ಮುಟ್ಟಿಸಿದೆ: "ಅತ್ತಿ, ಘಟ್ಟದಾಗ ಬಿಳಿ ಸೀರಿ ದೆವ್ವ ಅಡ್ಡಾಡತೈತಂತ್ರಿ."

ಅವರು ಅಡಿಕೆ ಕತ್ತರಿಸುತ್ತ ತಲೆಯನ್ನೂ ಎತ್ತಲಿಲ್ಲ.

"ಹುಚ್ಚರದಾರ. ಅದ ಹೊತ್ತಿಗೆ ಅದ ದಾರಿಗೆ ನಾ ದಿನಾ ಹೋಗಿ ಬಂದೆ. ನನಗೇನ ಕಂಡಿಲ್ಲ!"