ಮೂರನೇ ಬೇಸಿನಲ್ಲಿ ನಮ್ಮತ್ತೆ

ಕನ್ನಡದಲ್ಲಿ "ಹೋಗು" ಎನ್ನುವಷ್ಟು ಸರಳ ಶಬ್ದ ಇನ್ನೊಂದಿರಲಿಕ್ಕಿಲ್ಲ. ಒಂದನೆಯ ತರಗತಿಯ ಮಕ್ಕಳೂ ಅದನ್ನು ತಪ್ಪಿಲ್ಲದೆ ಬರೆಯುತ್ತಾರೆ. ಆದರೆ ಇಂಡಿ ಊರಿನ ನಮ್ಮ ಮನೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗೆ ಮದುವೆಯಾಗಿ ಬಂದ ದಿನದಿಂದಲೂ ಇಲ್ಲ. ಹೊಸ್ತಿಲು ದಾಟುವವರಿಗೆ "ಹೋಗು" ಎಂದರೆ ಅವರನ್ನು ಕಳೆದುಕೊಂಡಂತೆ ಎಂಬುದು ನಮ್ಮತ್ತೆಯವರ ನಂಬಿಕೆ. "ಹೋಗಿ ಬಾ" ಎನ್ನಬೇಕು. ಹೊರಟವರೂ "ಹೋಗ್ತೇನಿ" ಎನ್ನಬಾರದು, "ಬರ್ತೇನಿ" ಎನ್ನಬೇಕು. ಇದು ಎಲ್ಲರ ಮನೆಯಲ್ಲೂ ಇರುವುದೇ ಬಿಡಿ, ನಮ್ಮತ್ತೆಯವರದು ಮಾತ್ರ ಒಂದು ಕೈ ಮೇಲು. ಗ್ಯಾಸ್ ಸಿಲಿಂಡರ್ ತಂದವನಿಗೂ ಹೋಗಿ ಬಾ, ಅವನು ಹೊತ್ತೊಯ್ಯುವ ಖಾಲಿ ಸಿಲಿಂಡರಿಗೂ ಹೋಗಿ ಬಾ. ಅಂಗಳಕ್ಕೆ ನುಗ್ಗಿದ ಬೀದಿನಾಯಿಯನ್ನು ಕೋಲು ಹಿಡಿದು ಅಟ್ಟುವಾಗಲೂ "ಹೋಗಿ ಬಾರೋ ಮೂಳಾ" ಎನ್ನುತ್ತಾರೆ. ಅದು ಪಾಪ, ಮಾತು ನಂಬಿ ಮರುದಿನ ತಪ್ಪದೆ ಬರುತ್ತದೆ.

ಈ ಪುರಾಣವನ್ನು ನಿಮಗೇಕೆ ಹೇಳುತ್ತಿದ್ದೇನೆಂದರೆ, ಇದೇ ಮಾತು ನಮ್ಮ ಸಾಫ್ಟ್‌ಬಾಲ್ ಫೈನಲ್ಲನ್ನು ಮುಳುಗಿಸಲು ಹೊರಟಿತ್ತು! ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲ್ಲೂಕುಗಳ ಮಕ್ಕಳಿಗಾಗಿ ನಾವು ಕೆಲವರು ಸೇರಿ ಒಂದು ಲೀಗ್ ನಡೆಸುತ್ತೇವೆ. ಹುಡುಗರಿಗೆ ಬೇಸ್‌ಬಾಲ್, ಹುಡುಗಿಯರಿಗೆ ಸಾಫ್ಟ್‌ಬಾಲ್. ಯಾರಿಗೂ ಸಂಬಳವಿಲ್ಲ, ಬೈಗುಳ ಮಾತ್ರ ಯಥೇಚ್ಛ. ನಾನು ಹೈಸ್ಕೂಲಿನಲ್ಲಿ ಹಿಂದಿ ಕಲಿಸುವವಳು, ಚೆಂಡಿಗೂ ನನಗೂ ಎಣ್ಣೆ ಸೀಗೇಕಾಯಿ ಸಂಬಂಧ. ಮೊದಲ ಸಭೆಯಲ್ಲಿ ಎಲ್ಲರಿಗೂ ಚಹಾ ಹೇಳಿ ಬರೋಣವೆಂದು ಎದ್ದು ಹೋಗಿದ್ದೆ. ಚಹಾದೊಡನೆ ಒಳಗೆ ಬರುವಷ್ಟರಲ್ಲಿ ಕಾರ್ಯದರ್ಶಿಯಾಗಿದ್ದೆ. "ಮೇಡಂ ಅವರ ದನಿ ದೊಡ್ಡದೈತ್ರಿ" ಎಂಬುದೊಂದೇ ನನ್ನ ಅರ್ಹತೆಯಾಗಿತ್ತಂತೆ.

ಆಟ ಶುರುವಾದಾಗಿನ ಫಜೀತಿ ಹೇಳತೀರದು. ನಮ್ಮ ಮಕ್ಕಳೆಲ್ಲ ಕ್ರಿಕೆಟ್ಟಿನಲ್ಲಿ ಬೆಳೆದವರು. ಸಾಫ್ಟ್‌ಬಾಲಿನಲ್ಲಿ ಚೆಂಡು ಹೊಡೆದ ಮೇಲೆ ಬ್ಯಾಟು ಅಲ್ಲೇ ಬಿಟ್ಟು ಓಡಬೇಕು. ಇವರೋ ಬ್ಯಾಟು ಹಿಡಿದೇ ಓಡಿ, ಬೇಸಿನ ಹತ್ತಿರ ಅದನ್ನು ನೆಲಕ್ಕೆ ಉಜ್ಜಿ, ವಾಪಸು ತಿರುಗಿಬಿಡುತ್ತಿದ್ದರು. ಚೆಂಡು ಸಾಲದಿದ್ದಾಗ ಲಿಂಬೆಹಣ್ಣಿನಲ್ಲಿ ಕ್ಯಾಚ್ ಕಲಿಸಿದೆವು. ನಮ್ಮ ಕಡೆ ಲಿಂಬೆಗೆ ಬರವೇ? ಕೈಬಿಟ್ಟು ಒಡೆದವೆಲ್ಲ ಶರಬತ್ತಾದವು. ಶರಬತ್ತಿನ ಆಸೆಗೆ ಹುಡುಗಿಯರು ಬೇಕೆಂದೇ ಕೈಬಿಡುತ್ತಿದ್ದಾರೆಂದು ನನಗೆ ತಿಳಿಯುವಷ್ಟರಲ್ಲಿ ಒಂದು ಬೇಸಿಗೆಯೇ ಕಳೆದಿತ್ತು.

ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಹೊಡೆದವಳು ಗ್ರೌಂಡಿನ ಮೂಲೆಗಳಲ್ಲಿರುವ ಮೂರು ಬೇಸುಗಳನ್ನು ಮುಟ್ಟಿ, ಹೊರಟ ಜಾಗಕ್ಕೆ ಮರಳಿದರೆ ಒಂದು ರನ್. ಆ ಜಾಗದ ಹೆಸರು ಹೋಮ್. ಹೋಮ್ ಎಂದರೆ ನಮ್ಮ ಹುಡುಗಿಯರಿಗೆ ತುಪ್ಪ, ಸಮಿಧೆ, ಹೊಗೆ ಎಲ್ಲ ನೆನಪಾಗುತ್ತಿತ್ತು. ಅದಕ್ಕೇ ನಾವು "ಮನಿ" ಎಂದು ಹೆಸರಿಟ್ಟೆವು. ಮೂರನೇ ಬೇಸಿನ ಪಕ್ಕದಲ್ಲಿ ತಂಡದ ಹಿರಿಯರೊಬ್ಬರು ನಿಂತು, ಓಡುವವಳಿಗೆ ಯಾವಾಗ ಓಡಬೇಕೆಂದು ಹೇಳಬೇಕು. "ಓಡು" ಎನ್ನುವ ಶಬ್ದ ಕೆಲಸಕ್ಕೆ ಬಾರದು, ಏಕೆಂದರೆ ಗ್ರೌಂಡಿನ ಸುತ್ತ ನೆರೆದ ಅಪ್ಪ, ಅವ್ವ, ಕಾಕಾ, ಶೇಂಗಾ ಮಾರುವವನು ಎಲ್ಲರೂ ಆಟ ಮುಗಿಯುವವರೆಗೆ "ಓಡು, ಓಡು" ಎಂದೇ ಒದರುತ್ತಿರುತ್ತಾರೆ. ಅದಕ್ಕೆ ಕಿವಿಗೊಡಬಾರದೆಂದು ಹುಡುಗಿಯರಿಗೆ ಕಲಿಸಿಟ್ಟಿದ್ದೆವು. ಮೂರನೇ ಬೇಸಿಗೆ ಎರಡೇ ಮಾತು: "ನಿಲ್ಲು", ಇಲ್ಲವೇ "ಮನಿಗೆ ಹೋಗು". ಈ ಮಾತುಗಳನ್ನು ಗೊತ್ತುಮಾಡಿದ ಜಾಣೆ ನಾನೇ.

ಇನ್ನೊಂದು ನಿಯಮವನ್ನೂ ನಾನೇ ಮಾಡಿಸಿದ್ದೆ. ಪದಾಧಿಕಾರಿಗಳು ಯಾವ ತಂಡಕ್ಕೂ ಹೇಳಿಕೊಡಬಾರದು, ಹೇಳಿಕೊಟ್ಟರೆ ಆ ರನ್ ರದ್ದು. ಮುದ್ದೇಬಿಹಾಳದಲ್ಲಿ ನಮ್ಮ ಖಜಾಂಚಿಯವರು ಕುರ್ಚಿಯ ಮೇಲೆ ನಿಂತು ಸ್ವಂತ ಮಗನಿಗೆ ಹೇಳಿಕೊಡುವುದನ್ನು ಕಂಡು ನನ್ನ ಪಿತ್ತ ನೆತ್ತಿಗೇರಿತ್ತು. ಕಾರ್ಯದರ್ಶಿಗೆ ನಾಲ್ಕೂ ತಾಲ್ಲೂಕು ಒಂದೇ ಎಂದು ಆವತ್ತು ಮೇಜು ಗುದ್ದಿ ಭಾಷಣ ಮಾಡಿದ್ದೆ.

ಫೈನಲ್ ನಮ್ಮ ಇಂಡಿಗೂ ಸಿಂದಗಿಗೂ ಬಿತ್ತು. ನಮ್ಮ ಹುಡುಗಿಯರು ಅಲ್ಲಿಯವರೆಗೆ ಒಮ್ಮೆಯೂ ಕಪ್ ಗೆದ್ದವರಲ್ಲ. ಈ ಸಲವಾದರೂ ಗೆಲ್ಲಲಿ ಎಂದು ನಾನು ಒಳಗೊಳಗೇ ಹರಕೆ ಹೊತ್ತಿದ್ದೆ, ಹೊರಗೆ ಮಾತ್ರ ನಾಲ್ಕೂ ತಾಲ್ಲೂಕು ಒಂದೇ. ಅಂದೇ ನಮ್ಮ ತಂಡದ ಪಿ.ಟಿ. ಮಾಸ್ತರರ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬರುವುದೆಂದರೇನು! ಮಾಸ್ತರರಿಲ್ಲದೆ ಮೂರನೇ ಬೇಸಿನಲ್ಲಿ ನಿಲ್ಲುವವರಿಲ್ಲ. ಹುಡುಗಿಯರೆಲ್ಲ ಒಂದೇ ಬಾಯಿಯಿಂದ "ಅಜ್ಜೀನ ನಿಲ್ಲಸ್ರಿ" ಎಂದರು. ಅಜ್ಜಿ ಎಂದರೆ ನಮ್ಮತ್ತೆ. ಪ್ರಾಕ್ಟೀಸಿಗೆ ದಿನವೂ ಶೇಂಗಾ ಉಂಡಿ ಕಟ್ಟಿಕೊಂಡು ಬರುತ್ತಿದ್ದವರು. ಆ ಹುಡುಗಿಯರು ಮಾತು ಕೇಳುವುದಿದ್ದರೆ ಅವರೊಬ್ಬರದೇ. ನಾನು ಹೇಳಬೇಕಾದದ್ದನ್ನೆಲ್ಲ ಬಿಡಿಸಿ ಹೇಳಿದೆ. "ಅಷ್ಟೂ ತಿಳಿಯಂಗಿಲ್ಲೇನು ನನಗ?" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಹೋಗಿ ನಿಂತೇಬಿಟ್ಟರು.

ಕೊನೆಯ ಸರದಿ. ಎರಡೂ ತಂಡಗಳ ರನ್ ಸಮ. ನಮ್ಮ ತಂಡದ ಹೊರ್ತಿ ಊರಿನ ರೇಣುಕಾ ಮೂರನೇ ಬೇಸಿನಲ್ಲಿದ್ದಾಳೆ. ಅವಳು ಮನೆ ಮುಟ್ಟಿದರೆ ಕಪ್ ನಮ್ಮದು! ನಮ್ಮ ಇನ್ನೊಬ್ಬ ಹುಡುಗಿ ಬ್ಯಾಟು ಬೀಸಿದಳು. ಅಬ್ಬಾ, ಎಂಥ ಹೊಡೆತ! ಹಿಡಿಯಲು ಬಂದ ಸಿಂದಗಿಯ ಹುಡುಗಿಯರಿಬ್ಬರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಬಿದ್ದರು, ಚೆಂಡು ದೂರ ಉರುಳಿಹೋಯಿತು. ರೇಣುಕಾ ನಮ್ಮತ್ತೆಯವರ ಮುಖ ನೋಡಿದಳು. ಅತ್ತೆಯವರು ಅವಳ ಬೆನ್ನು ತಟ್ಟಿ, ಪರೀಕ್ಷೆಗೆ ಕಳಿಸುವವರಂತೆ, "ಮನಿಗೆ ಹೋಗಿ ಬಾ ನನ್ನವ್ವ" ಎಂದರು.

ರೇಣುಕಾ ಹೋದಳು. ಅರ್ಧ ದಾರಿಗೆ ಹೋಗಿ, "ಬಾ" ಎಂದದ್ದು ನೆನಪಾಗಿ, ಬಂದಳು.

ಸ್ಕೋರ್ ಮೇಜಿನ ಮುಂದೆ ಕೂತಿದ್ದ ನಾನು ಪೆನ್ನು ಕೆಳಗಿಟ್ಟೆ. "ಯಾಕ ಬಂದ್ಯವ್ವ?" ಅಂತ ಅತ್ತೆ. "ನೀವ ಬಾ ಅಂದ್ರಲ್ರಿ ಅಜ್ಜಿ" ಅಂತ ಅವಳು. "ಹಂಗಲ್ಲ, ಹೋಗಿ ಬಾ!" ಮತ್ತೆ ಹೋದಳು, ಮತ್ತೆ ಬಂದಳು. ಅತ್ತ ಬಿದ್ದಿದ್ದ ಸಿಂದಗಿಯ ಹುಡುಗಿಯೊಬ್ಬಳು ಎದ್ದು, ಚೆಂಡಿನ ಕಡೆ ಓಡುತ್ತಿದ್ದಾಳೆ. ಶೇಂಗಾ ಮಾರುವವನು ಬುಟ್ಟಿ ಕೆಳಗಿಟ್ಟು ಹಣೆ ಚಚ್ಚಿಕೊಳ್ಳುತ್ತಿದ್ದಾನೆ. ನಾನು ಯಾವಾಗ ಎದ್ದೆನೋ, ಯಾವಾಗ ಗೆರೆಯ ತನಕ ಓಡಿದೆನೋ ದೇವರೇ ಬಲ್ಲ. ಅತ್ತೆ ಮತ್ತು ರೇಣುಕಾ ಅಕ್ಕಪಕ್ಕ ನಿಂತಿದ್ದರು. ಅವರ ಎದುರಿಗೆ ನಿಂತು, ಇಷ್ಟು ವರ್ಷ ಮನೆಯಲ್ಲಿ ಗಂಟಲಲ್ಲೇ ಇಟ್ಟುಕೊಂಡಿದ್ದ ಶಬ್ದವನ್ನು ಪೂರ್ತಿ ದನಿಯಲ್ಲಿ ಹೊರಗೆ ಬಿಟ್ಟೆ: "ಮನಿಗೆ ಹೋಗು! ಹೋಗು ಅಂದ್ರ ಹೋಗು!"

ರೇಣುಕಾ ಬಾಣದಂತೆ ಹೋಗಿ ಮನೆ ಮುಟ್ಟಿದಳು. ಅಂಪೈರ್ ಕೈಯೆತ್ತಿ ರನ್ ಕೊಟ್ಟ. ನಮ್ಮ ಹುಡುಗಿಯರು ಕುಣಿದದ್ದೇ ಕುಣಿದದ್ದು! ನಾನೂ ಕುಣಿಯುವವಳಿದ್ದೆ, ಆಗ ಸುತ್ತ ನೋಡಿದೆ. ಇಡೀ ಗ್ರೌಂಡು ಬಾಯಿ ತೆರೆದು ನನ್ನನ್ನೇ ನೋಡುತ್ತಿತ್ತು. ಹಿಂದಿ ಟೀಚರ್ ನಾಲ್ಕು ತಾಲ್ಲೂಕಿನ ಜನರೆದುರು ತನ್ನ ಅತ್ತೆಗೆ "ಮನಿಗೆ ಹೋಗು" ಎಂದಿದ್ದಳು. ಅದೂ "ಹೋಗ್ರಿ" ಅಲ್ಲ, ಹೋಗು.

ಸಿಂದಗಿಯ ಕೋಚ್ ಬಿರಾದಾರ ಸರ್ ಸಾವಕಾಶ ನಡೆದು ಬಂದರು. ಬಹಳ ಸಭ್ಯ ಮನುಷ್ಯ, ಸೋಲುವುದು ಮಾತ್ರ ಗೊತ್ತಿಲ್ಲ. "ಮೇಡಂ, ತಪ್ಪು ತಿಳೀಬ್ಯಾಡ್ರಿ. ಈಗ ನೀವು ಮನಿಗೆ ಹೋಗು ಅಂತ ಒದರಿದ್ರಲ್ಲ, ಯಾರಿಗೆ ಅಂದ್ರಿ? ಆ ಹುಡುಗಿಗೆ ಅಂದಿದ್ರ ರನ್ ರದ್ದ ಆಗತೈತ್ರಿ. ನಿಯಮ ನೀವ ಮಾಡೀರಿ."

ಹುಡುಗಿಗೆ ಅಂದೆ ಎಂದರೆ ಕಪ್ ಕೈತಪ್ಪುತ್ತದೆ. ಅತ್ತೆಗೆ ಅಂದೆ ಎಂದರೆ ಕಪ್ ಉಳಿಯುತ್ತದೆ, ನಾನು ಉಳಿಯುವುದಿಲ್ಲ. ಗುಂಪಿನಲ್ಲಿದ್ದ ಗಂಡನ ಕಡೆ ನೋಡಿದೆ. ಅವರು ಬಹಳ ಮಹತ್ವದ ಕೆಲಸವೆಂಬಂತೆ ಶೇಂಗಾ ಸುಲಿಯುತ್ತಿದ್ದರು. ರೇಣುಕಾ ಕುಣಿತ ನಿಲ್ಲಿಸಿ ನನ್ನ ಬಾಯನ್ನೇ ನೋಡುತ್ತಿದ್ದಳು. ಹುಡುಗಿಗೇ ಅಂದೆ ಎಂದು ಒಪ್ಪಿಕೊಳ್ಳಲು ಬಾಯಿ ತೆರೆದೆ, ನಿಜವಾಗಿಯೂ ತೆರೆದೆ. ಅಷ್ಟರಲ್ಲಿ ಹಿಂದಿನಿಂದ ಬಿಕ್ಕುವ ಸದ್ದು ಕೇಳಿತು.

"ನನಗ ಅಂದ್ಳ್ರಿ ಸರ" ಎಂದರು ನಮ್ಮತ್ತೆ. ಸೆರಗು ಒಂದು ಕಣ್ಣಿನ ಮೇಲಿತ್ತು. "ಆ ಕೂಸಿಗೆ ಯಾಕ ಅಂತಾಳ್ರಿ? ನನಗ ಅಂದ್ಳು. ನಾ ಇಲ್ಲಿ ಬಂದು ನಿಂತದ್ದು ಆಕಿಗೆ ಸೇರಲಿಲ್ಲ."

"ಮನ್ಯಾಗೂ ಹಿಂಗ ಏನ್ರಿ ಅವ್ವಾರ?" ಎಂದು ಬಿರಾದಾರ ಸರ್ ಗಾಬರಿಯಾಗಿ ಕೇಳಿದರು.

"ಮನೀದು ಏನ್ ಕೇಳ್ತೀರಿ, ಬಿಡ್ರಿ" ಎಂದು ಅತ್ತೆ ಮತ್ತೆ ಬಿಕ್ಕಿದರು. ಸೆರಗಿನ ಮರೆಯಿಲ್ಲದ ಇನ್ನೊಂದು ಕಣ್ಣು ನನ್ನನ್ನೇ ನೋಡುತ್ತಿತ್ತು. ಅದರಲ್ಲಿ ಒಂದು ಹನಿಯೂ ಇರಲಿಲ್ಲ, ಬಾಯಿ ಮುಚ್ಚು ಎಂಬ ಕಟ್ಟಪ್ಪಣೆ ಮಾತ್ರ ಇತ್ತು. ನಾನು ಬಾಯಿ ಮುಚ್ಚಿದೆ. ಬಾಗೇವಾಡಿಯಿಂದ ಬಂದಿದ್ದ ಅಂಪೈರ್ ಹುಡುಗ ತಲೆ ಕೆರೆದುಕೊಂಡು, "ಇದು ಮನಿ ಜಗಳ ಆತ್ರಿ, ಆಟಕ್ಕ ಸಂಬಂಧಿಲ್ಲ. ರನ್ ಐತಿ" ಎಂದುಬಿಟ್ಟ. ಬಿರಾದಾರ ಸರ್ ಸೋಲನ್ನೂ ಮರೆತು, "ನಮ್ಮ ಮನಿಗೆ ಬಂದು ನಾಕ ದಿನ ಇರ್ರಿ ಅವ್ವಾರ" ಎಂದು ಅತ್ತೆಯವರಿಗೆ ಕೈಮುಗಿದರು. ಹೊರಡುವಾಗ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮನೆಗೆ ಬರುವಾಗ ಟಂಟಂ ಆಟೋದಲ್ಲಿ ಕಪ್ ಅತ್ತೆಯವರ ತೊಡೆಯ ಮೇಲಿತ್ತು. "ಅತ್ತಿ, ಅಷ್ಟು ಮಂದಿ ಮುಂದ ನನ್ನ ಮರ್ಯಾದಿ ಕಳದ್ರಲ್ರಿ" ಎಂದೆ. ಅವರು ಕಪ್ಪಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತಾ, "ನಿನ್ನ ಮರ್ಯಾದಿ ಇವತ್ತ ಹೋದ್ರ ನಾಳೆ ಬರತೈತಿ. ಇದು ಸಿಂದಗಿಗೆ ಹೋಗಿದ್ರ ಬರತಿತ್ತೇನು?" ಎಂದರು.

ಮರ್ಯಾದೆ ಇನ್ನೂ ಬಂದಿಲ್ಲ. ಈಚೆಗೆ ಮುದ್ದೇಬಿಹಾಳದಲ್ಲಿ ಲೀಗಿನ ಸಭೆಯಾಯಿತು. ಬಾಗಿಲಲ್ಲೇ ಖಜಾಂಚಿಯವರ ಹೆಂಡತಿ ನನ್ನನ್ನು ತಡೆದು, "ಅತ್ತಿಯವ್ರಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕ್ತೀರಿಲ್ರಿ?" ಎಂದು ಕೇಳಿದರು. ಎರಡು ಹೊತ್ತೂ ಬಿಸಿ ರೊಟ್ಟಿ ಎಂದೆ. ನಂಬಲಿಲ್ಲ. ನಡೆದದ್ದನ್ನೆಲ್ಲ ಹೇಳಿ ನನ್ನ ಹೆಸರು ಉಳಿಸಿಕೊಳ್ಳೋಣ ಎಂದು ಮಾತು ತುಟಿಯ ತನಕ ಬಂತು. ಅಷ್ಟರಲ್ಲಿ ಒಳಗಿನಿಂದ, ಈ ವರ್ಷ ಇಂಡಿ ತಂಡಕ್ಕೆ ಮೂರನೇ ಬೇಸಿನಲ್ಲಿ ಯಾರು ನಿಲ್ಲುತ್ತಾರೆಂದು ಕೂಗಿ ಕೇಳಿದರು. ನಾನು, ಕಪ್ ನೆನಪಾಗಿ, ತುಟಿ ಒರೆಸಿಕೊಂಡು, ಮುಖವನ್ನು ಆದಷ್ಟು ಗಂಟಿಕ್ಕಿಕೊಂಡು ಒಳಗೆ ಹೋಗಿ ಕೆಟ್ಟ ಸೊಸೆಯಂತೆ ಹೇಳಿದೆ: "ನಮ್ಮತ್ತಿ. ಮನ್ಯಾಗ ಕುಂತು ಏನ್ ಮಾಡ್ತಾರ್ರಿ?"