ಕೋಸು, ಟರ್ನಿಪ್ ಮತ್ತು ಮಾರಮ್ಮನ ಗುಡಿ

ತಾಳವಾಡಿಯಲ್ಲಿ ಮೇಷ್ಟರಾದವನಿಗೆ, ಗಂಭೀರವಾಗಿ ಶುರುವಾದ ಪಾಠ ಗಂಭೀರವಾಗಿಯೇ ಮುಗಿದ ದಿನ ಅಪರೂಪ.

ನಮ್ಮ ಶಾಲೆಯಲ್ಲಿ ನನ್ನದು ಗಣಿತ, ನನ್ನ ಹೆಂಡತಿಯದು ಜೀವಶಾಸ್ತ್ರ. ಪ್ರತಿ ವರ್ಷ ವಿಜ್ಞಾನ ಪ್ರದರ್ಶನದಲ್ಲಿ ಅವಳದೊಂದು ಪಾಠ ಇರುತ್ತಿತ್ತು. ಕೋಸಿನಲ್ಲೂ ಟರ್ನಿಪ್ ಗೆಡ್ಡೆಯಲ್ಲೂ ಜೀನುಗಳ ಒಂದು ಸಾಲು ಹೆಚ್ಚುಕಡಿಮೆ ಒಂದೇ. ನಿಂತ ಕ್ರಮ ಮಾತ್ರ ಬೇರೆ. ಸಾಲಿನ ತುಂಡುಗಳು ಅಲ್ಲಲ್ಲಿ ಹಿಂದುಮುಂದಾಗಿ ತಿರುಗಿವೆ. ಒಂದು ಕ್ರಮದಿಂದ ಇನ್ನೊಂದಕ್ಕೆ ಬರಲು ಅತಿ ಕಡಿಮೆ ಎಷ್ಟು ಸಲ ತಿರುಗಿಸಬೇಕು? ಇಷ್ಟೇ ಅವಳ ಪ್ರಶ್ನೆ.

ಕಳೆದ ವರ್ಷ ಅವಳು ತೀರಿಕೊಂಡಳು. "ಆ ಪಾಠ ಬಿಟ್ಟು ಜ್ವಾಲಾಮುಖಿ ಮಾಡೆಲ್ ಇಡೋಣ ಸಾರ್" ಎಂದರು ಹೆಡ್‌ಮಾಸ್ಟರು. "ಈ ಸಲ ನಾನು ಮಾಡುತ್ತೇನೆ. ಜನಕ್ಕೆ ಅರ್ಥವಾಗದಿದ್ದರೆ ಮುಂದಿನ ವರ್ಷದಿಂದ ಜ್ವಾಲಾಮುಖಿಯೇ ಇರಲಿ" ಎಂದೆ. ಮಾಡಬಲ್ಲೆ ಎನ್ನುವುದರಲ್ಲಿ ನನಗೆ ಅನುಮಾನವಿರಲಿಲ್ಲ.

೧. ಪಣಕಹಳ್ಳಿಯ ಕೋಸು

ಪೋಷಕರ ಸಭೆಯಲ್ಲಿ ವಿಷಯ ಹೇಳಿದೆ. ಪಣಕಹಳ್ಳಿಯಲ್ಲಿ ಕೋಸು ಬೆಳೆಯುವ ತಂದೆಯೊಬ್ಬರು ಗಾಬರಿಯಿಂದ ಎದ್ದರು.

"ಅಂಗಾರೆ ನಮ್ ಒಲದ ಕೋಸೂ ಟರ್ನಿಪ್ ಆಗೋಯ್ತದಾ ಮೇಷ್ಟ್ರೆ?"

"ಸುಮ್ಕಿರ್ಲಾ, ಅವ್ರು ಏಳೋದ್ ಕೇಳು" ಎಂದರು ಪಕ್ಕದವರು.

"ಹಾಗಲ್ಲ. ಎರಡೂ ಒಂದೇ ಮೂಲದವು. ಬೇರೆಬೇರೆಯಾಗಲು ಲಕ್ಷಾಂತರ ವರ್ಷ ಹಿಡಿದಿದೆ" ಎಂದೆ.

ಅವರು ನಿಟ್ಟುಸಿರು ಬಿಟ್ಟು ಕೂತರು. "ಬುಡಿ ಮತ್ತೆ. ನಂದು ಬರೋ ವಾರ ಕುಯ್ಲು."

೨. ಎರಡರಷ್ಟು

ಸ್ಟಾಫ್ ರೂಮಿನಲ್ಲಿ ಹೆಡ್‌ಮಾಸ್ಟರಿಗೆ ಗಣಿತದ ಭಾಗ ವಿವರಿಸಿದೆ. "ಪ್ರತಿ ಜೀನಿಗೂ ಒಂದು ಮುಖವಿದೆ ಸಾರ್. ತುಂಡು ತಿರುಗಿದರೆ ಮುಖವೂ ತಿರುಗುತ್ತದೆ. ಯಾರ ಮುಖ ಯಾವ ಕಡೆ ಎಂದು ಗೊತ್ತಿದ್ದರೆ ಅತಿ ಕಡಿಮೆ ಲೆಕ್ಕ ಕರಾರುವಾಕ್ಕಾಗಿ ಸಿಗುತ್ತದೆ. ಗೊತ್ತಿಲ್ಲದಿದ್ದರೆ, ಸಾಲು ಉದ್ದವಾದ ಹಾಗೆ ಕಂಪ್ಯೂಟರೂ ಸುಸ್ತಾಗುತ್ತದೆ. ಆಗ ಹತ್ತಿರದ ಉತ್ತರ ಕೊಡುವ ವಿಧಾನ ಬಳಸುತ್ತೇವೆ. ಅತಿ ಕಡಿಮೆ ಎಷ್ಟೆಂದು ತಿಳಿಯದಿದ್ದರೂ, ನಮ್ಮದು ಅದರ ಎರಡರಷ್ಟನ್ನು ಮೀರದು ಎಂಬ ಭರವಸೆ ಕೊಡಬಹುದು."

ಹೆಡ್‌ಮಾಸ್ಟರು ತಲೆಯಾಡಿಸಿ, ಸದಾ ತಡಮಾಡುವ ತಮಿಳು ಮೇಷ್ಟರ ಕಡೆ ತಿರುಗಿದರು. "ನಿಮ್ಮ ಮಾರ್ಕು ಯಾವಾಗ ಕೊಡ್ತೀರಿ?"

"ಎರಡರಷ್ಟನ್ನು ಮೀರಲ್ಲ ಸಾರ್."

"ಎಷ್ಟರ ಎರಡರಷ್ಟು?"

"ಅದು ಯಾರಿಗೂ ತಿಳಿಯದು ಅಂತ ಗಣಿತದ ಮೇಷ್ಟರು ಈಗ ತಾನೆ ಹೇಳಿದರಲ್ಲ!"

೩. ಮುಖ ತಿರುಗಿಸದ ಜೀನುಗಳು

ಪ್ರದರ್ಶನದ ದಿನ ಊರವರನ್ನೇ ಜೀನು ಮಾಡಿದೆ. ತಾಯಂದಿರು, ಅಜ್ಜಿಯರು ಎದೆಯ ಮೇಲೆ ಸಂಖ್ಯೆ ಅಂಟಿಸಿಕೊಂಡು, ಬಸ್ಸಿಗೆ ಕ್ಯೂ ನಿಂತ ಹಾಗೆ ಪೂರ್ವಕ್ಕೆ ಮುಖ ಮಾಡಿ ನಿಂತರು. ಸಂಖ್ಯೆಗಳು ಕಲಸಿಹೋಗಿದ್ದವು. ತುಂಡುತುಂಡಾಗಿ ತಿರುಗಿಸಿ ಸಾಲನ್ನು ಕ್ರಮಕ್ಕೆ ತರಬೇಕು.

"ನಡುವಿನ ನಾಲ್ಕು ಜನ ಒಟ್ಟಾಗಿ ತಿರುಗಿ" ಎಂದೆ. ಹಿಂದಿನವರು ಮುಂದೆ ಬಂದರು, ಮುಂದಿನವರು ಹಿಂದೆ ಹೋದರು. ಆದರೆ ಮುಖ ಮಾತ್ರ ಪೂರ್ವಕ್ಕೇ.

"ಮುಖಾನೂ ತಿರುಗಿಸಬೇಕು ಅಜ್ಜಿ."

ಆ ನಾಲ್ವರಲ್ಲಿ ಮುಂದಿದ್ದ ಅಜ್ಜಿ ಎದುರಿನ ಗುಡಿ ತೋರಿಸಿದರು. "ಮಾರಮ್ಮಂಗೆ ಬೆನ್ ತೋರ್ಸಾದಾ? ಆಗಾಕಿಲ್ಲ ಕಣಪ್ಪ. ಜಾಗ ಎಷ್ಟ್ ಸಲನಾರ ಬದ್ಲಾಯ್ಸು."

ಒಬ್ಬರೂ ತಿರುಗಲಿಲ್ಲ. ಹೆಡ್‌ಮಾಸ್ಟರು ನನ್ನನ್ನೇ ನೋಡುತ್ತಿದ್ದರು. ಜ್ವಾಲಾಮುಖಿ ಹೊಗೆಯಾಡುವುದು ನನಗೆ ಕಾಣುತ್ತಿತ್ತು.

"ಅಜ್ಜಿ, ಸುಲಭದ ಲೆಕ್ಕವನ್ನ ಕಷ್ಟದ ಲೆಕ್ಕ ಮಾಡಿಬಿಟ್ಟಿರಿ. ಮುಖದ ಗುರುತೇ ಉಳಿಯಲಿಲ್ಲ. ಇನ್ನು ಹತ್ತಿರದ ಉತ್ತರವೇ ಗತಿ."

"ಅತ್ರತ್ರ ಆದ್ರೆ ಸಾಕಾ?"

"ಸಾಕು."

"ಅತ್ರತ್ರ ನಾವು ಮೊದ್ಲೇ ನಿಂತಿದ್ವಲ್ಲ!"

ಮೈದಾನವೇ ನಕ್ಕಿತು. ಹಿಂದಿನಿಂದ ಒಬ್ಬ ತಾಯಿ ಕೂಗಿ ಕೇಳಿದರು: "ಮುಖ ತಿರುಗ್ಸುದ್ರೆ ಲೆಕ್ಕ ಸಲೀಸು, ಇಲ್ದಿದ್ರೆ ಕಷ್ಟ. ಅಷ್ಟೇಯಾ ಮೇಷ್ಟ್ರೆ?"

ಅಷ್ಟೇ. ಅದನ್ನು ಹೇಳಿಕೊಡಲು ನನ್ನ ಹೆಂಡತಿ ಎರಡು ಪೀರಿಯಡ್ ತೆಗೆದುಕೊಳ್ಳುತ್ತಿದ್ದಳು. ನಾನೂ ನಕ್ಕೆ. ಇದ್ದಿದ್ದರೆ ಅವಳು ನನಗಿಂತ ಮೊದಲೇ ನಕ್ಕಿರುತ್ತಿದ್ದಳು.

ಹೆಡ್‌ಮಾಸ್ಟರು ಹತ್ತಿರ ಬಂದರು. "ಬರುವ ವರ್ಷವೂ ಇದೇ ಇರಲಿ ಸಾರ್. ಸಾಲು ಮಾತ್ರ ಉತ್ತರ ದಕ್ಷಿಣವಾಗಿ ನಿಲ್ಲಿಸಿ, ಆ ಕಡೆ ಗುಡಿ ಇಲ್ಲ." ಆಮೇಲೆ ಅಜ್ಜಿಯನ್ನು ಕೇಳಿದರು: "ಉತ್ತರಕ್ಕಾದರೆ ಬೆನ್ನು ತೋರಿಸ್ತೀರಾ?"

ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು ಆ ಕಡೆ ನೋಡಿದರು.

"ಆ ಕಡೆ ನಮ್ ಬೀಗ್ತಿ ಮನೆ. ಅವ್ಳಿಗಾದ್ರೆ ಸಂಜೆಗಂಟ ತೋರಿಸ್ತೀನಿ!"